ಕಾಲಿನಿಂದ ನಾಲಿಗೆಗೆ: ಚಾತುರ್ಮಾಸ್ಯದ ಚರಿತ್ರೆ

ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕ ಶುದ್ಧ ಏಕಾದಶಿಯವರೆಗಿನ ನಾಲ್ಕು ತಿಂಗಳಿಗೆ ಚಾತುರ್ಮಾಸ್ಯವೆಂದು ಹೆಸರು. ಮೊದಲ ದಿನ ಶಯನಿ ಏಕಾದಶಿ. ಕರ್ನಾಟಕದಲ್ಲಿ ಪ್ರಥಮ ಏಕಾದಶಿ ಎಂದೇ ರೂಢಿ. ಅಂದು ಯೋಗನಿದ್ರೆಗೆ ತೊಡಗಿದ ವಿಷ್ಣು ಏಳುವುದು ಉತ್ಥಾನ ದ್ವಾದಶಿಗೆ ಎಂಬುದು ಪುರಾಣದ ನಂಬಿಕೆ. ದೇವರು ಮಲಗಿರುವ ಈ ಅವಧಿಯಲ್ಲಿ ಮನುಷ್ಯರಿಗೆ ಮಾತ್ರ ಬಿಡುವಿಲ್ಲ. ನಾಟಿ, ಕಳೆ, ಗೊಬ್ಬರ, ಬದುವಿನ ಕಾವಲು ಒಂದು ಕಡೆ. ನಾಗರಪಂಚಮಿಯಿಂದ ದೀಪಾವಳಿಯವರೆಗೆ ಸಾಲುಗಟ್ಟಿದ ಹಬ್ಬಗಳು, ನಡುವೆ ಪಿತೃಪಕ್ಷ ಇನ್ನೊಂದು ಕಡೆ. ವರ್ಷದ ಗಡಿಬಿಡಿಯೆಲ್ಲ ಇಲ್ಲೇ ಬಂದು ಸೇರುತ್ತದೆ. ಇಂಥ ಹೊತ್ತಿನಲ್ಲೇ ಉಣ್ಣುವ, ನಡೆಯುವ, ಮಲಗುವ, ಮಾತಾಡುವ ನಿತ್ಯದ ಅಭ್ಯಾಸಗಳಲ್ಲಿ ಒಂದನ್ನಾದರೂ ಬದಲಿಸಿಕೊಳ್ಳಬೇಕೆಂದು ಚಾತುರ್ಮಾಸ್ಯದ ಕಟ್ಟಳೆ ಕೇಳುತ್ತದೆ. ಕೆಲಸ ಬಿಡು ಎಂದು ಗೃಹಸ್ಥನಿಗೆ ಅದು ಹೇಳಿದ್ದಿಲ್ಲ. ಕೈ ಯೋಚನೆಯಿಲ್ಲದೆ ಚಾಚುವ ಜಾಗದಲ್ಲಿ ಒಂದು ತಡೆಯಿಟ್ಟು, ಮಾಡುವವನು ಎಚ್ಚರವಾಗಿರುವಂತೆ ನೋಡಿಕೊಂಡಿತು. ಎರಡೂವರೆ ಸಾವಿರ ವರ್ಷಗಳಲ್ಲಿ ಈ ತಡೆ ಇದ್ದಲ್ಲೇ ಇರಲಿಲ್ಲ. ಅಲೆಮಾರಿ ಭಿಕ್ಷುಗಳ ಕಾಲಿಗೆ ಬಿದ್ದ ಕಟ್ಟು ಕ್ರಮೇಣ ಸಂಸಾರಿಗಳ ನಾಲಿಗೆಯ ಕಟ್ಟಾಯಿತು. ಚಾತುರ್ಮಾಸ್ಯದ ಚರಿತ್ರೆಯೆಂದರೆ ಬಹುಪಾಲು ಈ ವರ್ಗಾವಣೆಯ ಚರಿತ್ರೆ.

ಚಾತುರ್ಮಾಸ್ಯ ಎಂಬ ಹೆಸರು ವೇದಕಾಲದಷ್ಟು ಹಳೆಯದು, ಆದರೆ ಅಂದು ಅದಕ್ಕಿದ್ದ ಅರ್ಥ ಬೇರೆ. ನಾಲ್ಕು ತಿಂಗಳಿಗೊಮ್ಮೆ, ಋತು ಬದಲಾಗುವಾಗ ಮಾಡುತ್ತಿದ್ದ ಶ್ರೌತಯಾಗಗಳನ್ನು ಚಾತುರ್ಮಾಸ್ಯಗಳೆಂದು ಕರೆಯುತ್ತಿದ್ದರು. ವಸಂತಕ್ಕೆ ವೈಶ್ವದೇವ, ಮಳೆಗಾಲದ ಆರಂಭಕ್ಕೆ ವರುಣಪ್ರಘಾಸ, ಶರತ್ತಿಗೆ ಸಾಕಮೇಧ. ಇವುಗಳಲ್ಲಿ ವರುಣಪ್ರಘಾಸದ ಒಂದು ವಿಧಿ ವಿಚಿತ್ರವಾಗಿದೆ. ಯಜಮಾನನ ಹೆಂಡತಿಯನ್ನು ಪುರೋಹಿತ ಎಲ್ಲರ ಮುಂದೆ, ನಿನಗೆ ಬೇರೆ ಪ್ರಿಯಕರರಿದ್ದಾರೆಯೇ ಎಂದು ಕೇಳುತ್ತಾನೆ. ಇದ್ದರೆ ಆಕೆ ಮುಚ್ಚಿಡದೆ ಹೇಳಬೇಕು. ಆಮೇಲೆ ಜವೆಗೋಧಿ ಹಿಟ್ಟಿನ ಪುಟ್ಟ ಬಟ್ಟಲುಗಳನ್ನು, ಮನೆಮಂದಿಯ ಲೆಕ್ಕಕ್ಕಿಂತ ಒಂದು ಹೆಚ್ಚಾಗಿ ಮಾಡಿ, ಆಹುತಿ ಕೊಡುತ್ತಾರೆ. ಹೇಳಿಬಿಟ್ಟ ಪಾಪ ಹಗುರವಾಗುತ್ತದೆ ಎಂಬುದು ಶತಪಥ ಬ್ರಾಹ್ಮಣದ ವಿವರಣೆ. ತಪ್ಪು ಹೇಳಿಕೊಳ್ಳುವ ಹೊಣೆ ಹೆಂಗಸಿಗೆ ಮಾತ್ರ ಯಾಕೆ ಎಂಬ ಪ್ರಶ್ನೆ ಆ ಗ್ರಂಥಕ್ಕೆ ಹೊಳೆದಂತಿಲ್ಲ. ಆದರೂ ಮಳೆಗಾಲಕ್ಕೂ ತಪ್ಪೊಪ್ಪಿಗೆಗೂ ಬಿದ್ದ ಈ ನಂಟು ಗಮನಿಸತಕ್ಕದ್ದು. ಮುಂದೆ ಬೌದ್ಧರಲ್ಲೂ ಜೈನರಲ್ಲೂ, ಬೇರೆಯದೇ ದಾರಿಯಿಂದ, ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

ಒಂದೆಡೆ ನೆಲೆನಿಲ್ಲುವ ಕಟ್ಟಳೆ ಹುಟ್ಟಿದ್ದು ಯಾಗಶಾಲೆಯಲ್ಲಲ್ಲ, ದಾರಿಯಲ್ಲಿ. ಗಂಗೆಯ ಬಯಲಿನಲ್ಲಿ ಊರೂರು ಅಲೆಯುತ್ತಿದ್ದ ಶ್ರಮಣರಿಗೂ ಪರಿವ್ರಾಜಕರಿಗೂ ಮಳೆಗಾಲ ದೊಡ್ಡ ತೊಡಕು. ಹೊಳೆ ತುಂಬಿ ದಾರಿ ಮುಚ್ಚುತ್ತದೆ, ನೆಲವೆಲ್ಲ ಹಸಿರು, ಹಸಿರಿನ ಅಡಿಯಲ್ಲಿ ಹುಳುಹುಪ್ಪಟೆ. ಭಿಕ್ಷು ಮಳೆಗಾಲದಲ್ಲಿ ಒಂದೆಡೆ ಸ್ಥಿರವಾಗಿರಬೇಕೆಂದು ಗೌತಮ ಧರ್ಮಸೂತ್ರ ಚುಟುಕಾಗಿ ವಿಧಿಸುತ್ತದೆ. ಬೌದ್ಧರ ವಿನಯಪಿಟಕದ ಮಹಾವಗ್ಗ ಇದೇ ವಿಷಯವನ್ನು ಕಥೆಯಾಗಿ ಹೇಳುತ್ತದೆ. ಬುದ್ಧ ರಾಜಗೃಹದ ವೇಣುವನದಲ್ಲಿದ್ದಾಗ ಜನ ಗೊಣಗತೊಡಗಿದರಂತೆ: ಬೇರೆ ಪಂಥದವರು ಮಳೆಗಾಲದಲ್ಲಿ ಒಂದೆಡೆ ಕೂರುತ್ತಾರೆ, ಹಕ್ಕಿಗಳು ಕೂಡ ಮರದ ತುದಿಯಲ್ಲಿ ಗೂಡು ಕಟ್ಟಿಕೊಳ್ಳುತ್ತವೆ, ಈ ಶಾಕ್ಯಪುತ್ರರು ಮಾತ್ರ ಎಳೆಹುಲ್ಲು ತುಳಿಯುತ್ತ, ಸಣ್ಣ ಜೀವಗಳನ್ನು ಕೊಲ್ಲುತ್ತ ತಿರುಗುತ್ತಾರೆ. ಗೊಣಗಿದವರು ಮಳೆಗಾಲದಲ್ಲಿ ಹೊಲದಲ್ಲೇ ಇರುವ ಜನ ಎಂಬುದು ಕಥೆಯೊಳಗೆ ಅಡಗಿರುವ ಸಂಗತಿ. ಪೈರಿನ ನಡುವೆ ನಡೆದುಹೋಗುವ ಭಿಕ್ಷುವನ್ನು ಅವರಿಗಿಂತ ಚೆನ್ನಾಗಿ ಕಂಡವರು ಯಾರು? ದೂರು ಕಿವಿಗೆ ಬಿದ್ದ ಮೇಲೆ ಬುದ್ಧ ವರ್ಷಾವಾಸವನ್ನು ವಿಧಿಸಿದ. ಅವಧಿ ಮೂರು ತಿಂಗಳು. ಆಷಾಢ ಹುಣ್ಣಿಮೆಯ ಮರುದಿನ ಶುರುಮಾಡಬಹುದು, ತಪ್ಪಿದರೆ ಒಂದು ತಿಂಗಳು ತಡೆದು. ಮಳೆಗಾಲದ ನಾಲ್ಕನೆಯ ತಿಂಗಳು ಚೀವರ ಹೊಲಿದುಕೊಳ್ಳುವುದಕ್ಕೆ.

ನಿಯಮ ಬಂದೊಡನೆ ಅದರ ಅಂಚುಗಳನ್ನು ಕುರಿತ ತಕರಾರುಗಳೂ ಬಂದವು. ಮಹಾವಗ್ಗ ಅವುಗಳನ್ನು ಬಿಡದೆ ದಾಖಲಿಸಿದೆ. ಮರದ ಪೊಟರೆಯಲ್ಲಿ, ಕೊಂಬೆಯ ಕವಲಿನಲ್ಲಿ, ಕೊಡೆಯ ಕೆಳಗೆ, ದೊಡ್ಡ ಹರವಿಯೊಳಗೆ ಕೂತು ವರ್ಷಾವಾಸ ಮಾಡಹೊರಟವರಿದ್ದರು; ಅದು ಸಲ್ಲದೆಂದಾಯಿತು. ದನಗಾಹಿಗಳ ಹಟ್ಟಿ, ವ್ಯಾಪಾರಿಗಳ ಸಾರ್ಥ, ದೋಣಿ, ಇವಕ್ಕೆ ಅನುಮತಿ ಸಿಕ್ಕಿತು. ಹಟ್ಟಿ ಕದಲಿದರೆ ಭಿಕ್ಷುವೂ ಜೊತೆಗೆ ಕದಲಬಹುದು. ತಾಯಿತಂದೆಗೆ ಕಾಯಿಲೆಯಾದರೆ, ಸಹಭಿಕ್ಷು ನರಳುತ್ತಿದ್ದರೆ ಏಳು ದಿನದ ಮಟ್ಟಿಗೆ ಹೋಗಿಬರಬಹುದು. ವಿಶಾಖೆಯೆಂಬ ಶ್ರೀಮಂತ ಉಪಾಸಿಕೆ ಭಿಕ್ಷುಗಳಿಗೆ ಮಳೆಸ್ನಾನದ ವಸ್ತ್ರ ಕೊಡುತ್ತೇನೆಂದು ವರ ಕೇಳಿದ್ದೂ ಇಂಥದೇ ಒಂದು ಪ್ರಸಂಗದಿಂದ. ಊಟಕ್ಕೆ ಕರೆಯಲು ಹೋದ ಆಕೆಯ ದಾಸಿ, ಮಳೆಯಲ್ಲಿ ಬತ್ತಲೆ ಮೀಯುತ್ತಿದ್ದ ಭಿಕ್ಷುಗಳನ್ನು ಕಂಡು, ವಿಹಾರದಲ್ಲಿ ಆಜೀವಿಕರೆಂಬ ಬತ್ತಲೆ ಸನ್ಯಾಸಿಗಳಿದ್ದಾರೆಯೇ ಹೊರತು ನಮ್ಮವರಿಲ್ಲ ಎಂದು ಹಿಂದಿರುಗಿ ಬಂದಿದ್ದಳು.

ಇವೆಲ್ಲಕ್ಕಿಂತ ಮುಖ್ಯವಾದ ಪ್ರಸಂಗ ಮೌನದ್ದು. ಕೋಸಲದಲ್ಲಿ ಒಟ್ಟಿಗೆ ವರ್ಷಾವಾಸ ಮಾಡಿದ ಕೆಲವು ಭಿಕ್ಷುಗಳು ಜಗಳವಾಗದಿರಲೆಂದು ಒಂದು ಉಪಾಯ ಹೂಡಿದರು. ಮೂರು ತಿಂಗಳು ಪರಸ್ಪರ ಮಾತೇ ಆಡುವುದಿಲ್ಲ. ಮೊದಲು ಬಂದವನು ಆಸನ ಹಾಸುತ್ತಾನೆ, ಕೊನೆಗೆ ಬಂದವನು ಗುಡಿಸುತ್ತಾನೆ, ನೀರಿನ ಕೊಡ ಖಾಲಿಯಾಗಿದ್ದರೆ ಕೈಸನ್ನೆ ಮಾಡಿ ಇನ್ನೊಬ್ಬನನ್ನು ಕರೆಯುತ್ತಾನೆ. ಅವಧಿ ಮುಗಿಸಿ ಬಂದು, ಸುಖವಾಗಿದ್ದೆವು ಎಂದು ಬುದ್ಧನೆದುರು ಹೇಳಿಕೊಂಡರು. ಮೆಚ್ಚುಗೆ ಸಿಗಲಿಲ್ಲ. ದನಕುರಿಗಳಂತೆ ಬದುಕಿ ಸುಖವಾಗಿದ್ದೆವು ಎನ್ನುತ್ತೀರಲ್ಲ ಎಂದು ಬುದ್ಧ ಗದರಿದ, ಮೂಕವ್ರತವನ್ನು ನಿಷೇಧಿಸಿದ, ಅದರ ಜಾಗಕ್ಕೆ ಪವಾರಣೆಯನ್ನು ತಂದ. ವರ್ಷಾವಾಸದ ಕೊನೆಯ ದಿನ ಪ್ರತಿಯೊಬ್ಬ ಭಿಕ್ಷುವೂ ಸಂಘದ ಮುಂದೆ ಕುಳಿತು, ನನ್ನಲ್ಲಿ ಕಂಡ, ಕೇಳಿದ, ಶಂಕಿಸಿದ ತಪ್ಪುಗಳನ್ನು ಹೇಳಿ ಎಂದು ಬೇಡಿಕೊಳ್ಳಬೇಕು. ಬಾಯಿ ಕಟ್ಟಿಕೊಂಡು ಕೂರುವುದಕ್ಕೂ ಎಚ್ಚರವಾಗಿರುವುದಕ್ಕೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಿದ ಪ್ರಸಂಗ ಮಳೆಗಾಲದ ವ್ರತಗಳ ಸಾಹಿತ್ಯದಲ್ಲಿ ವಿರಳ. ಮುಂದೆ ಪುರಾಣಗಳು ಮೌನವನ್ನು ಮತ್ತೆ ಪುಣ್ಯದ ಪಟ್ಟಿಗೆ ಸೇರಿಸಿಕೊಂಡವು ಎಂಬುದು ಬೇರೆ ಮಾತು.

ಜೈನರಲ್ಲಿ ಈ ಕಟ್ಟಳೆ ಇನ್ನೂ ಬಿಗಿ. ಕಲ್ಪಸೂತ್ರ ಮಹಾವೀರನ ಶ್ರಮಣ ಜೀವನವನ್ನು ಎಣಿಸುವುದೇ ಮಳೆಗಾಲಗಳ ಲೆಕ್ಕದಲ್ಲಿ. ಅಸ್ಥಿಕಗ್ರಾಮದಲ್ಲಿ ಒಂದು, ಚಂಪಾ ಮತ್ತು ಪೃಷ್ಠಚಂಪೆಯಲ್ಲಿ ಮೂರು, ವೈಶಾಲಿ-ವಾಣಿಜ್ಯಗ್ರಾಮಗಳಲ್ಲಿ ಹನ್ನೆರಡು, ರಾಜಗೃಹ-ನಾಲಂದೆಯಲ್ಲಿ ಹದಿನಾಲ್ಕು, ಮಿಥಿಲೆಯಲ್ಲಿ ಆರು. ಹೀಗೆ ಸಾಗಿ ಕೊನೆಯದು ಪಾವೆಯಲ್ಲಿ, ಒಟ್ಟು 42. ಉಳಿದ ಎಂಟು ತಿಂಗಳು ಎಲ್ಲೆಲ್ಲಿ ನಡೆದನೆಂಬುದಕ್ಕಿಂತ ನಾಲ್ಕು ತಿಂಗಳು ಎಲ್ಲಿ ನಿಂತನೆಂಬುದೇ ನೆನಪಿಗೆ ಯೋಗ್ಯವೆಂದು ಪರಂಪರೆ ತೀರ್ಮಾನಿಸಿದೆ. ಇದು ಶ್ವೇತಾಂಬರರ ಗ್ರಂಥ. ಭದ್ರಬಾಹುವಿನ ಕೃತಿಯೆಂಬ ಪ್ರಸಿದ್ಧಿ ಇದಕ್ಕಿದೆ. ಶ್ರವಣಬೆಳಗೊಳದ ಚಂದ್ರಗಿರಿಗೂ ಭದ್ರಬಾಹುವಿನ ಹೆಸರಿಗೂ ಬಿಡಿಸಲಾಗದ ಗಂಟಿದ್ದರೂ ದಿಗಂಬರರು ಈ ಗ್ರಂಥವನ್ನು ಒಪ್ಪುವುದಿಲ್ಲ.

ಕಲ್ಪಸೂತ್ರದ ಕೊನೆಯ ಭಾಗ ಮಳೆಗಾಲದ ಸಾಮಾಚಾರಿ, ಅಂದರೆ ಮುನಿಗಳ ನಡವಳಿಕೆಯ ಕಟ್ಟಳೆ. ಮಳೆಗಾಲ ಶುರುವಾಗಿ ಒಂದು ತಿಂಗಳು ಇಪ್ಪತ್ತು ರಾತ್ರಿಗಳಾದ ಮೇಲೆ ಮುನಿಗಳು ಪರ್ಯುಷಣಕ್ಕೆ, ಅಂದರೆ ಒಂದೆಡೆಯ ವಾಸಕ್ಕೆ, ಕೂರಬೇಕೆಂದು ಅದು ಹೇಳಿ, ಅದಕ್ಕೊಂದು ಕಾರಣವನ್ನೂ ಕೊಡುತ್ತದೆ. ಅಷ್ಟು ಹೊತ್ತಿಗೆ ಗೃಹಸ್ಥರು ತಮ್ಮ ಮನೆಗೆ ಚಾಪೆ ಕಟ್ಟಿ, ಸುಣ್ಣ ಬಳಿದು, ನೆಲ ಸಾರಿಸಿ ಸಮಮಾಡಿ, ನೀರು ಹರಿಯಲು ಕಾಲುವೆ ತೋಡಿ ಮುಗಿಸಿರುತ್ತಾರೆ. ಅಂದರೆ ಮುನಿಗಾಗಿಯೇ ಯಾರೂ ಹೊಸದಾಗಿ ನೆಲ ಅಗೆಯಬೇಕಾದ್ದಿಲ್ಲ, ಆ ಹಿಂಸೆ ಅವನ ಲೆಕ್ಕಕ್ಕೆ ಬೀಳುವುದಿಲ್ಲ. ಇಂಥ ಲೆಕ್ಕಾಚಾರ ನವಿರಾದದ್ದು. ಮಳೆಗಾಲದ ಮುನ್ನ ಪ್ರತಿ ಹಳ್ಳಿಮನೆಯಲ್ಲೂ ನಡೆಯುವ ಧಾವಂತವನ್ನು ಕಣ್ಣಾರೆ ಕಂಡವರು ಬರೆದ ನಿಯಮವಿದು. ಭಿಕ್ಷೆಗೆ ಎಷ್ಟು ದೂರ ಹೋಗಬಹುದೆಂಬುದಕ್ಕೂ ಅಳತೆಯಿದೆ: ಸುತ್ತಲೂ ಒಂದು ಯೋಜನ ಮತ್ತು ಒಂದು ಕ್ರೋಶ.

ದಿಗಂಬರ ಮುನಿಗಳ ವರ್ಷಾಯೋಗ ಆಷಾಢ ಶುದ್ಧ ಚತುರ್ದಶಿಯಿಂದ ದೀಪಾವಳಿಯ ಹೊತ್ತಿನವರೆಗೆ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು (1872–1955) ಕ್ಷೀಣಿಸಿದ್ದ ದಿಗಂಬರ ಮುನಿಚರ್ಯೆಗೆ 20ನೆಯ ಶತಮಾನದಲ್ಲಿ ಮರುಜೀವ ಕೊಟ್ಟು ಉತ್ತರ ಭಾರತದವರೆಗೆ ಕಾಲ್ನಡಿಗೆಯಲ್ಲಿ ಹೋದವರು. ಅವರಿಂದೀಚೆಗೆ ಮುನಿಗಳ ಬಾಳಿನ ವಿವರ ಬರೆಯುವವರು ವರ್ಷಕ್ಕೊಂದು ಚಾತುರ್ಮಾಸದ ಊರನ್ನು ಹೆಸರಿಸುವ ಕ್ರಮ ಮತ್ತೆ ಗಟ್ಟಿಯಾಯಿತು. ಇಂಥ ಮುನಿ ದಿನಕ್ಕೊಮ್ಮೆ, ನಿಂತು, ಬೊಗಸೆಯಲ್ಲಿ ಉಣ್ಣುತ್ತಾರೆ. ಹೊರಡುವ ಮುನ್ನ ಮನಸ್ಸಿನಲ್ಲೇ ಒಂದು ನಿಯಮ ಹಾಕಿಕೊಳ್ಳುವುದುಂಟು: ಬಾಗಿಲಲ್ಲಿ ಇಂಥ ಹಣ್ಣು ಹಿಡಿದವರು ಕಂಡರೆ ಮಾತ್ರ ಆಹಾರ, ಇಲ್ಲವಾದರೆ ಉಪವಾಸ. ಶ್ರಾವಕರು ಏನು ಹಿಡಿದು ನಿಂತರೆ ಅದು ಹೊಂದೀತೆಂದು ತಿಳಿಯದೆ ಕಲಶ, ತೆಂಗು, ಬಾಳೆ ಎಂದು ಬಗೆಬಗೆಯಾಗಿ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಶ್ರಾವಕರ ಮನೆಗಳಲ್ಲಿ ಈ ದಿನಗಳಲ್ಲಿ ಹುಳುವಿರುವ ಸೊಪ್ಪು ಬಿಡುವುದು, ಕಾಯಿಸಿ ಆರಿಸಿದ ನೀರು ಕುಡಿಯುವುದು, ಹೊತ್ತು ಮುಳುಗುವ ಮುನ್ನ ಊಟ ಮುಗಿಸುವುದು ವಾಡಿಕೆ. ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಅದಾದ ಮೇಲೆ ಕ್ಷಮಾವಾಣಿ, ವರ್ಷದ ತಪ್ಪುಗಳಿಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ.

ಕಲ್ಲಿನಲ್ಲಿ ಉಳಿದ ಸಾಕ್ಷ್ಯಗಳಲ್ಲಿ ಹಳೆಯವು ಬಿಹಾರದ ಗುಹೆಗಳವು. ಬರಾಬರ್ ಬೆಟ್ಟದ ಒಂದು ಗುಹೆಯಲ್ಲಿ ಅಶೋಕ ತನ್ನ ಪಟ್ಟಾಭಿಷೇಕದ 19ನೆಯ ವರ್ಷದಲ್ಲಿ ಬರೆಸಿದ ಶಾಸನ ಮಳೆಯ ಆಗಮನವನ್ನು ಪ್ರಸ್ತಾಪಿಸುತ್ತದೆ. ಪಕ್ಕದ ನಾಗಾರ್ಜುನಿ ಬೆಟ್ಟದ ಮೂರು ಗುಹೆಗಳನ್ನು ಅವನ ಮೊಮ್ಮಗ ದಶರಥ ಆಜೀವಿಕರಿಗೆ ಮಳೆಗಾಲದ ವಾಸಕ್ಕೆಂದೇ ಕೊಟ್ಟದ್ದು ಅಲ್ಲಿನ ಬರಹದಲ್ಲಿ ಸ್ಪಷ್ಟವಾಗಿದೆ. ಆ ಪಂಥ ಅಳಿಯಿತು; ಗಾಜಿನಂತೆ ಮಿರುಗುವ ಗೋಡೆಯ ಅದರ ಗುಹೆಗಳು ಇವೆ. ಅಶೋಕನ ಐದನೆಯ ಸ್ತಂಭಶಾಸನ ನಾಲ್ಕು ತಿಂಗಳಿಗೊಮ್ಮೆ ಬರುವ ಚಾತುರ್ಮಾಸಿ ಹುಣ್ಣಿಮೆಗಳಲ್ಲಿ ಮೀನು ಕೊಲ್ಲುವುದನ್ನೂ ಮಾರುವುದನ್ನೂ ತಡೆಯುತ್ತದೆ. ಧೌಲಿ ಮತ್ತು ಜೌಗಡದ ಪ್ರತ್ಯೇಕ ಶಾಸನಗಳಲ್ಲಿ ಒಂದನ್ನು ಅಧಿಕಾರಿಗಳು ಚಾತುರ್ಮಾಸಿಗೊಮ್ಮೆ ಓದಿಸಿ ಕೇಳಬೇಕೆಂದಿದೆ. ಅದೇ ಗುಂಪಿನ ಶಾಸನಗಳ ಭಾಗಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ದೊರೆತಿವೆ. ಸನ್ಯಾಸಿಗಳ ಕ್ಯಾಲೆಂಡರು ಆಡಳಿತದ ಕ್ಯಾಲೆಂಡರೂ ಆಗಿದ್ದ ಗಳಿಗೆಯಿದು.

ಸಂಸಾರಿಗಳಿಗೆ ಚಾತುರ್ಮಾಸ್ಯ ಬಂದದ್ದು ಪುರಾಣಗಳ ಮೂಲಕ. ಮನೆಮಠ, ಹೊಲ, ಅಂಗಡಿ ಇರುವವನಿಗೆ ನಾಲ್ಕು ತಿಂಗಳು ಒಂದೆಡೆ ಕೂರು ಎಂದರೆ ಅರ್ಥವಿಲ್ಲ, ಅವನು ಹೇಗೂ ಕೂತೇ ಇದ್ದಾನೆ. ಆದ್ದರಿಂದ ಕಟ್ಟು ಕಾಲನ್ನು ಬಿಟ್ಟು ಬೇರೆ ಅಭ್ಯಾಸಗಳಿಗೆ ಸರಿಯಿತು. ಸ್ಕಾಂದ, ಭವಿಷ್ಯ ಮೊದಲಾದ ಪುರಾಣಗಳು ಪಟ್ಟಿ ಕೊಡುತ್ತವೆ: ಬೆಲ್ಲ ಬಿಟ್ಟವನಿಗೆ ಇಂಪಾದ ಕಂಠ, ಎಣ್ಣೆ ಬಿಟ್ಟವನಿಗೆ ಚೆಲುವಾದ ಮೈ. ಎಲೆಯಲ್ಲಿ ಉಣ್ಣುವುದು, ನೆಲದ ಮೇಲೆ ಮಲಗುವುದು, ಉಣ್ಣುವಾಗ ಮಾತು ಬಿಡುವುದು, ಒಪ್ಪೊತ್ತಿನ ಊಟ. ಎಲ್ಲವನ್ನೂ ಮಾಡಬೇಕೆಂದಿಲ್ಲ, ತನಗೆ ಪ್ರಿಯವಾದ ಯಾವುದಾದರೊಂದನ್ನು ಬಿಟ್ಟರೂ ಸಾಕು. ವ್ರತ ಮುಗಿದಾಗ ಬಿಟ್ಟದ್ದಕ್ಕೆ ತಕ್ಕ ದಾನ: ಮೌನವಿದ್ದವನು ಗಂಟೆ ಕೊಡಬೇಕು, ನೆಲದಲ್ಲಿ ಮಲಗಿದವನು ಹಾಸಿಗೆ ಕೊಡಬೇಕು. ಈ ಹೊಂದಾಣಿಕೆಯಲ್ಲಿ ಚೂರು ಹಾಸ್ಯವೂ ಇದೆ. ದೇವಗಿರಿಯ ಯಾದವರ ಮಂತ್ರಿ ಹೇಮಾದ್ರಿ 13ನೆಯ ಶತಮಾನದಲ್ಲಿ ರಚಿಸಿದ ಚತುರ್ವರ್ಗಚಿಂತಾಮಣಿಯ ವ್ರತಖಂಡ ಇಂಥ ವಿಧಿಗಳ ಕಣಜ. ಉತ್ತರ ಕರ್ನಾಟಕದ ಬಹುಭಾಗ ಆಗ ಯಾದವರ ಆಳ್ವಿಕೆಯಲ್ಲಿತ್ತು. 1612ರ ನಿರ್ಣಯಸಿಂಧು, ಪಂಢರಪುರದಲ್ಲಿ 1790ರ ಸುಮಾರಿಗೆ ಕಾಶೀನಾಥ ಉಪಾಧ್ಯಾಯ ಬರೆದ ಧರ್ಮಸಿಂಧು ಈ ಕಣಜವನ್ನು ಪುರೋಹಿತರ ಕೈಗೆ ನಿಲುಕುವಂತೆ ಅಳೆದುಕೊಟ್ಟವು.

ಪಟ್ಟಿಯಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಕರ್ನಾಟಕದ ಮಾಧ್ವರಲ್ಲಿ ಉಳಿಯಲಿಲ್ಲ. ತಿಂಗಳಿಗೊಂದು ನಿಷೇಧವಿರುವ ನಾಲ್ಕು ವ್ರತಗಳು ಇಡೀ ಮನೆಗೆ ಕಡ್ಡಾಯವೆಂಬಷ್ಟು ಗಟ್ಟಿಯಾದವು. ಪ್ರಥಮ ಏಕಾದಶಿಯಂದು ಕಾಸಿದ ಶಂಖ-ಚಕ್ರಗಳ ತಪ್ತಮುದ್ರೆಯನ್ನು ತೋಳಿಗೆ ಒತ್ತಿಸಿಕೊಂಡು ಬಂದ ಮನೆಯಲ್ಲಿ ಮರುದಿನದಿಂದ ಶಾಕವ್ರತ. ತರಕಾರಿಯಿಲ್ಲ, ಸೊಪ್ಪಿಲ್ಲ, ಹುಣಸೆಹಣ್ಣಿಲ್ಲ, ಮೆಣಸಿನಕಾಯಿಯಿಲ್ಲ. ಶ್ರಾವಣ ಶುದ್ಧ ಏಕಾದಶಿ ಕಳೆದ ಮೇಲೆ ದಧಿವ್ರತ, ಮೊಸರು ಬಂದ್. ಭಾದ್ರಪದದಿಂದ ಕ್ಷೀರವ್ರತ, ಹಾಲು ಬಂದ್. ಆಶ್ವಯುಜದಿಂದ ಕಾರ್ತಿಕದವರೆಗೆ ದ್ವಿದಳವ್ರತ. ಒಡೆದರೆ ಎರಡು ಹೋಳಾಗುವ ಕಾಳು, ಬೇಳೆ ಯಾವುದೂ ಒಲೆಯ ಹತ್ತಿರ ಸುಳಿಯುವಂತಿಲ್ಲ, ಬಹುಬೀಜದ ಕಾಯಿಗಳೂ ಇಲ್ಲ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಸಣ್ಣ ವಿವರಗಳಲ್ಲಿ ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ವ್ಯತ್ಯಾಸವಿದೆ, ಪ್ರತಿ ವರ್ಷ ಚರ್ಚೆಯೂ ಇದೆ.

ಶಾಕವ್ರತದ ಅಡುಗೆಮನೆಯನ್ನು ಹತ್ತಿರದಿಂದ ನೋಡುವುದು ಚರಿತ್ರೆಯ ದೃಷ್ಟಿಯಿಂದಲೂ ಲಾಭದಾಯಕ. ಹೆಸರುಬೇಳೆಯ ತೊವ್ವೆ, ಕರಿಮೆಣಸು-ಜೀರಿಗೆ ಅರೆದು ಹಾಕಿದ ಸಾರು, ಹುಳಿಗೆ ಬೇಸಿಗೆಯಲ್ಲಿ ಒಣಗಿಸಿಟ್ಟ ಮಾವಿನಕಾಯಿಯ ಪುಡಿ, ಹೋಳಿಲ್ಲದ ಮಜ್ಜಿಗೆಹುಳಿಗೆ ಉದ್ದಿನ ಬೋಂಡ. ಇಲ್ಲಿ ಖಾರವೆಂದರೆ ಕರಿಮೆಣಸು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ; ಪೋರ್ಚುಗೀಸರ ಹಡಗುಗಳ ಜೊತೆ 16ನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂದದ್ದು. ಆಲೂಗಡ್ಡೆ, ಟೊಮೆಟೊಗಳೂ ಹಾಗೆ ಕಡಲು ದಾಟಿ ಬಂದವೇ. ಮಿಕ್ಕ ತಿಂಗಳುಗಳಲ್ಲಿ ಇವನ್ನೆಲ್ಲ ಒಗ್ಗಿಸಿಕೊಂಡ ಅಡುಗೆಮನೆ ವ್ರತ ಬಂದೊಡನೆ ಹಳೆಯ ರುಚಿಗೆ ಮರಳುತ್ತದೆ. ವಿಜಯನಗರದ ಆರಂಭ ಕಾಲದ ಊಟದ ಖಾರ ಹೇಗಿತ್ತೆಂದು ಊಹಿಸಬೇಕಾದವರಿಗೆ ಶ್ರಾದ್ಧದ ಎಲೆಯಷ್ಟೇ ಉಪಯುಕ್ತವಾದದ್ದು ಶಾಕವ್ರತದ ಎಲೆ.

ಹಬ್ಬಗಳಿಗೂ ವ್ರತಗಳಿಗೂ ಆಗುವ ತಿಕ್ಕಾಟ ಇನ್ನೊಂದು ಸ್ವಾರಸ್ಯ. ಚಾಂದ್ರಮಾನದ ಕೃಷ್ಣಾಷ್ಟಮಿ ದಧಿವ್ರತದ ನಡುವೆಯೇ ಬೀಳುತ್ತದೆ. ಬೆಣ್ಣೆ-ಮೊಸರು ಕದ್ದ ದೇವರ ಹಬ್ಬದಲ್ಲಿ ಮೊಸರನ್ನಕ್ಕೆ ಎಡೆಯಿಲ್ಲ. ನವರಾತ್ರಿಯ ಪಾಯಸ ಕ್ಷೀರವ್ರತಕ್ಕೆ ಸಿಕ್ಕುವುದರಿಂದ ತೆಂಗಿನಕಾಯಿ ಹಾಲಿಗೆ ಶರಣಾಗುತ್ತದೆ. ದೀಪಾವಳಿ ದ್ವಿದಳದಲ್ಲಿ ಬಂದು ಕಡಲೆಬೇಳೆ ಹೋಳಿಗೆಯನ್ನೂ ಉದ್ದಿನ ವಡೆಯನ್ನೂ ಹೊರಗಿಡುತ್ತದೆ. ದೋಸೆಯ ಹೆಸರಿನೊಂದಿಗೆ ಲೋಕಸಂಚಾರ ಮಾಡಿದ ಉಡುಪಿಯ ವ್ರತಸ್ಥರ ಮನೆಗಳಲ್ಲಿ ಆ ತಿಂಗಳು ಉದ್ದಿನ ದೋಸೆಯಿಲ್ಲ, ಇಡ್ಲಿಯಿಲ್ಲ. ಹಾಲು ನಿಷಿದ್ಧವಾದ ತಿಂಗಳಲ್ಲಿ ಮೊಸರು ಸಲ್ಲುತ್ತದೆ, ಮೊಸರು ನಿಷಿದ್ಧವಾದಾಗ ಮಜ್ಜಿಗೆ ಸಲ್ಲುತ್ತದೆ. ತರ್ಕಕ್ಕೆ ಇದು ವಿಚಿತ್ರ. ಆದರೆ ವ್ರತ ಕೆಲಸ ಮಾಡುವ ಬಗೆಯೇ ಇದು. ಒಂದೇ ನಿಷೇಧ ನಾಲ್ಕು ತಿಂಗಳು ಮುಂದುವರಿದರೆ ಎರಡನೆಯ ವಾರಕ್ಕೆ ಅದೂ ಅಭ್ಯಾಸವಾಗಿಬಿಡುತ್ತದೆ, ಕೈ ಮತ್ತೆ ತನ್ನಷ್ಟಕ್ಕೆ ಓಡಾಡುತ್ತದೆ. ತಿಂಗಳಿಗೊಮ್ಮೆ ನಿಯಮ ಬದಲಾದರೆ ಪ್ರತಿ ಸಲವೂ ಡಬ್ಬಿಯ ಮುಚ್ಚಳ ತೆರೆಯುವ ಮುನ್ನ ಇವತ್ತು ಯಾವ ವ್ರತ ಎಂದು ಕೇಳಿಕೊಳ್ಳಬೇಕು. ಕಾಫಿ ಮನೆಮನೆಯ ಪಾನೀಯವಾದ ಮೇಲೆ ಕ್ಷೀರವ್ರತದ ಬೆಳಗು ಈ ಮಾತಿಗೆ ತಕ್ಕ ಉದಾಹರಣೆಯಾಯಿತು. ಬರಿಯ ಡಿಕಾಕ್ಷನ್ ಎದುರಿಗಿಟ್ಟುಕೊಂಡವರಿಗೆ ವ್ರತದ ನೆನಪು ಮಾಡಿಕೊಡಲು ಪಂಚಾಂಗ ಬೇಕಿಲ್ಲ.

ಈ ಎಚ್ಚರದ ಭಾರ ಹೊತ್ತವರು ಯಾರು ಎಂಬುದನ್ನು ಗ್ರಂಥಗಳು ಹೇಳುವುದಿಲ್ಲ. ಸಂಕಲ್ಪ ಗಂಡಸಿನದು, ಸಾರಿಗೆ ಏನು ಹಾಕಬೇಕೆಂಬ ನಿತ್ಯದ ಲೆಕ್ಕ ಹೆಂಗಸಿನದು. ಮಾವಿನಕಾಯಿ ಏಪ್ರಿಲ್-ಮೇ ತಿಂಗಳಲ್ಲೇ ಹೆಚ್ಚಿ ಒಣಗಿಸದಿದ್ದರೆ ಜುಲೈನ ಸಾರಿಗೆ ಹುಳಿಯಿಲ್ಲ. ವ್ರತದ ಪರಂಪರೆ ಉಳಿದದ್ದು ಧರ್ಮಸಿಂಧುವಿನಿಂದ ಎಷ್ಟೋ, ಅಟ್ಟದ ಮೇಲಿನ ಭರಣಿಗಳಿಂದಲೂ ಅಷ್ಟೇ.

ಮಳೆಗಾಲದ ಊಟದ ನಿಯಮಗಳಿಗೆ ಆರೋಗ್ಯದ ಕಾರಣ ಕೊಡುವುದು ಈಗಿನ ರೂಢಿ. ಚರಕಸಂಹಿತೆ ವರ್ಷಋತುವಿನಲ್ಲಿ ಜಠರಾಗ್ನಿ ಕುಂದುತ್ತದೆ ಎನ್ನುತ್ತದೆ. ಹಳೆಯ ಜವೆ, ಗೋಧಿ, ಅಕ್ಕಿ ಉಣ್ಣಲು, ಕಾಯಿಸಿದ ನೀರು ಕುಡಿಯಲು, ಹಗಲು ನಿದ್ದೆ ಬಿಡಲು ಹೇಳುತ್ತದೆ. ಹೋಲಿಕೆ ಇಲ್ಲದಿಲ್ಲ. ಆದರೆ ವ್ರತಗ್ರಂಥಗಳ ಮಾತೆಲ್ಲ ಪುಣ್ಯದ್ದು, ಜೀರ್ಣಶಕ್ತಿಯದ್ದಲ್ಲ. ತಿಂಗಳಿಗೊಂದು ವಸ್ತು ಬಿಡುವ ಕ್ರಮ ಆಯುರ್ವೇದದಲ್ಲಿಲ್ಲ. ಎರಡನ್ನೂ ಬೆಸೆಯುವ ವಿವರಣೆಗಳು ಬಹುಮಟ್ಟಿಗೆ ಆಮೇಲೆ ಹೊಲಿದ ತೇಪೆಗಳು.

ಮಠಗಳಲ್ಲಿ ಹಳೆಯ ಕಾಲಿನ ವ್ರತ ಇಂದಿಗೂ ಉಳಿದಿದೆ, ಅವಧಿ ಮಾತ್ರ ಕಿರಿದಾಗಿದೆ. ಯತಿಗೆ ಪಕ್ಷವೇ ಮಾಸವೆಂಬ ವಚನದ ಬಲದಿಂದ ನಾಲ್ಕು ತಿಂಗಳು ನಾಲ್ಕು ಪಕ್ಷಗಳಾಗಿವೆ. ಶೃಂಗೇರಿಯಲ್ಲಿ ಆಷಾಢ ಹುಣ್ಣಿಮೆಯ ವ್ಯಾಸಪೂಜೆಯಿಂದ ಭಾದ್ರಪದ ಹುಣ್ಣಿಮೆಯವರೆಗೆ ಚಾತುರ್ಮಾಸ್ಯ; ಮುಗಿದಾಗ ಊರ ಗಡಿ ದಾಟುವ ಸೀಮೋಲ್ಲಂಘನ. ಮಾಧ್ವ ಮಠಗಳಲ್ಲಿ ಯತಿಯ ವ್ರತ ಮೃತ್ತಿಕಾ ಸಂಗ್ರಹದಿಂದ ಆರಂಭ. ಶೌಚಕ್ಕೆ ಬೇಕಾದ ಮಣ್ಣನ್ನು ಮೊದಲೇ ತಂದಿಟ್ಟುಕೊಂಡರೆ ಮಳೆಗಾಲದಲ್ಲಿ ನೆಲ ಅಗೆದು ಜೀವಹಿಂಸೆ ಮಾಡಬೇಕಾಗಿಲ್ಲ. ಕಲ್ಪಸೂತ್ರದ ಕಾಲುವೆಯ ಲೆಕ್ಕವನ್ನು ಓದಿದವರಿಗೆ ಈ ಮಣ್ಣಿನ ಲೆಕ್ಕ ಅಪರಿಚಿತವೆನಿಸದು. ಉಡುಪಿಯಲ್ಲಿ ದೇವರಿಗೂ ಇದೇ ಕಟ್ಟು. ಉತ್ಸವಮೂರ್ತಿ ಈ ಅವಧಿಯಲ್ಲಿ ರಥವೇರಿ ಹೊರಬರುವುದಿಲ್ಲವಾದ್ದರಿಂದ ಕೃಷ್ಣ ಹುಟ್ಟಿದ ಹಬ್ಬದ ವಿಟ್ಲಪಿಂಡಿ ಉತ್ಸವದ ರಥದಲ್ಲಿ ಮಣ್ಣಿನ ಕೃಷ್ಣನನ್ನು ಕೂರಿಸಿ ಕೊನೆಗೆ ಮಧ್ವಸರೋವರದಲ್ಲಿ ವಿಸರ್ಜಿಸುತ್ತಾರೆ. ಮೂರ್ತಿ ಮತ್ತೆ ಹೊರಬರುವುದು ಉತ್ಥಾನ ದ್ವಾದಶಿಯ ಲಕ್ಷದೀಪೋತ್ಸವಕ್ಕೆ. ಬೈಲಕುಪ್ಪೆಯ ಟಿಬೆಟನ್ ವಿಹಾರಗಳಲ್ಲಿ ಇದೇ ಮಳೆಗಾಲದಲ್ಲಿ ನಡೆಯುವ ಯಾರ್ನೆ, ವಿನಯಪಿಟಕದ ವರ್ಷಾವಾಸವೇ. ಅಲ್ಲಿನ ನೆಲೆ ಶುರುವಾದದ್ದು 1961ರಲ್ಲಿ. ಆ ಮೂಲಕ ಕರ್ನಾಟಕದಲ್ಲಿ ಬೌದ್ಧ ವರ್ಷಾವಾಸ ಮತ್ತೆ ನೆಲೆಯೂರಿತು.

ಚಾತುರ್ಮಾಸ್ಯವೆಂಬ ಹೆಸರನ್ನೇ ಬಳಸದ ಜನರಲ್ಲೂ ಮಳೆಗಾಲದ ಅಭ್ಯಾಸ ಬದಲಾಗುತ್ತದೆ. ತುಳುನಾಡಿನ ಆಟಿ ತಿಂಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಹಿಂದೆ ಕಣಜ ಬರಿದಾಗುವ ಕಾಲ. ಆಗ ಊಟ ಕಾಡಿಗೂ ಭರಣಿಗೂ ತಿರುಗುತ್ತಿತ್ತು: ತಜಂಕಿನ ಸೊಪ್ಪು, ಕೆಸುವಿನ ಪತ್ರೊಡೆ, ಕಣಿಲೆ, ಉಪ್ಪುನೀರಿನ ಹಲಸಿನ ತೊಳೆ. ಆಟಿ ಅಮಾವಾಸ್ಯೆಯಂದು ಹೊತ್ತು ಮೂಡುವ ಮುನ್ನ ಪಾಲೆಮರದ ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುತ್ತಾರೆ, ಮೇಲೆ ಮೆಂತೆಗಂಜಿ. ಕತ್ತಲಲ್ಲಿ ಮರ ತಪ್ಪದಿರಲೆಂದು ಹಿಂದಿನ ದಿನವೇ ಗುರುತು ಮಾಡಿಡುವುದು ಕ್ರಮ. ಕೊಡಗಿನ ಕಕ್ಕಡ ಗದ್ದೆನಾಟಿಯ ತಿಂಗಳು, ಕೊಡವ ಮನೆಗಳಿಗೆ ವರ್ಷದ ಅತಿ ದುಡಿಮೆಯ ಹೊತ್ತು; ಮದುವೆ, ಬೇಟೆಗಳಿಗೆ ಬಿಡುವು. ಕಕ್ಕಡದ 18ನೆಯ ದಿನ, ಆಗಸ್ಟ್ 3ರ ಹೊತ್ತಿಗೆ, ಮದ್ದ್ ತೊಪ್ಪನ್ನು ಬೇಯಿಸಿದ ಕಡುನೇರಳೆ ರಸದಲ್ಲಿ ಪಾಯಸ ಮಾಡುತ್ತಾರೆ. ಆ ಸೊಪ್ಪಿನಲ್ಲಿ ಅಂದಿಗೆ 18 ಮದ್ದುಗಳು ಕೂಡಿರುತ್ತವೆಂಬ ನಂಬಿಕೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನ ಕೈಲ್‌ಪೊಳ್ದ್‌ಗೆ ಕೋವಿ, ಕತ್ತಿಗಳ ಪೂಜೆ. ಮಲೆನಾಡಿನಲ್ಲಿ ಆಶ್ವಯುಜ ಹುಣ್ಣಿಮೆಯ ಭೂಮಿಹುಣ್ಣಿಮೆ; ದೀವರ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಬಗೆಬಗೆಯ ಸೊಪ್ಪು-ತರಕಾರಿ ಬೆರೆಸಿದ ಚರಗವನ್ನು ಗದ್ದೆಗೆ ಒಯ್ಯುತ್ತಾರೆ, ಬಸುರಿ ಭೂಮಿಗೆ ಬಯಕೆಯ ಊಟವಾಗಿ. ಉತ್ತರ ಕರ್ನಾಟಕದ ಊರುಗಳಲ್ಲಿ ಶ್ರಾವಣವೆಂದರೆ ಮಠದಲ್ಲಿ ತಿಂಗಳಿಡೀ ರಾತ್ರಿ ಪುರಾಣ-ಪ್ರವಚನ. ಹೊಲದಿಂದ ಬಂದವರು ಮೈಕೈ ತೊಳೆದು ಅಲ್ಲಿಗೆ ಹೋಗುತ್ತಾರೆ. ಮಾಂಸ ತಿನ್ನುವ ಎಷ್ಟೋ ಮನೆಗಳಲ್ಲಿ ಆ ತಿಂಗಳು ಮಾಂಸವಿಲ್ಲ, ಕ್ಷೌರವಿಲ್ಲ. ಇವಕ್ಕೂ ಶಾಸ್ತ್ರಗ್ರಂಥಗಳ ಚಾತುರ್ಮಾಸ್ಯಕ್ಕೂ ತಂದೆ-ಮಗನ ಸಂಬಂಧ ಹುಡುಕುವುದು ವ್ಯರ್ಥ. ಒಂದೇ ಮಳೆಗೆ ಬೇರೆ ಬೇರೆ ಜನ ಕೊಟ್ಟ ಉತ್ತರಗಳಿವು. ವೈದಿಕ ಮನೆ ಸೊಪ್ಪನ್ನು ಬಿಟ್ಟಾಗ ತುಳುವರ ಮನೆ ಸೊಪ್ಪನ್ನು ಹುಡುಕಿಕೊಂಡು ಹೋಗುತ್ತದೆ.

ಇಂದು ವ್ರತ ಹಿಡಿಯುವ ಮನೆಗಳು ಮೊದಲಿನಷ್ಟಿಲ್ಲ. ನಾಲ್ಕರಲ್ಲಿ ಒಂದನ್ನು ಮಾತ್ರ ಆಚರಿಸುವವರು, ಮನೆಯಲ್ಲಿ ಪಾಲಿಸಿ ಆಫೀಸಿನ ಕ್ಯಾಂಟೀನಿನಲ್ಲಿ ವಿನಾಯಿತಿ ಪಡೆಯುವವರು, ಹಿರಿಯರಿರುವವರೆಗೆ ನಡೆಸಿ ಆಮೇಲೆ ಬಿಟ್ಟವರು ಎಲ್ಲ ಊರಲ್ಲೂ ಇದ್ದಾರೆ. ಬೆಂಗಳೂರಿನಲ್ಲಿ ವ್ರತದ ಅಡುಗೆಯನ್ನು ಮಾಡಿಕೊಡುವವರೂ, ಮಾವಿನಕಾಯಿ ಪುಡಿ ಮಾರುವ ಅಂಗಡಿಗಳೂ ಇವೆ. ವಿದೇಶದ ಕನ್ನಡಿಗರು ತಾವಿರುವ ಊರಿನ ಸೂರ್ಯೋದಯಕ್ಕೆ ತಿಥಿ ಲೆಕ್ಕಹಾಕಿಸಿಕೊಳ್ಳುತ್ತಾರೆ. ಆಸ್ಟ್ರೇಲಿಯದಲ್ಲಿರುವವರಿಗೆ ಮಳೆಗಾಲದ ವ್ರತ ಚಳಿಗಾಲದಲ್ಲಿ ಶುರುವಾಗುತ್ತದೆ. ಅಧಿಕಮಾಸ ನಡುವೆ ಬಿದ್ದ ವರ್ಷ ನಾಲ್ಕು ತಿಂಗಳು ಐದಾಗುತ್ತವೆ. 2023ರಲ್ಲಿ ಅಧಿಕ ಶ್ರಾವಣ ಬಂದು, ಇಡೀ ಜುಲೈ ಮತ್ತು ಆಗಸ್ಟಿನ ಬಹುಪಾಲು ಶಾಕವ್ರತಕ್ಕೇ ಸಂದವು. ತರಕಾರಿ ಮತ್ತೆ ಸಾರಿಗೆ ಬಿದ್ದದ್ದು ನಿಜಶ್ರಾವಣದ ಏಕಾದಶಿ ಕಳೆದ ಮೇಲೆ.